ಕಣಿವೆಯಲ್ಲಿ ವಿಷ್ಣು, ಮ್ಯಾಪಿನಲ್ಲಿ ಹವಾಸುಪೈ

ಮಾರ್ಚ್ ಕೊನೆಯಲ್ಲಿ ಮಕ್ಕಳಿಗೆ ಒಂದು ವಾರ ರಜೆ. ಅಷ್ಟರಲ್ಲಿ ಅಪ್ಪ ಅಮ್ಮನೂ ಮೈಸೂರಿನಿಂದ ಬಂದಿರುತ್ತಾರೆ. ಆರು ಜನ, ಒಂದು ವ್ಯಾನು. ಲಾಸ್ ವೇಗಸ್‌ನಿಂದ ಹೊರಟು ಝಯಾನ್, ಪೇಜ್, ಗ್ರಾಂಡ್ ಕ್ಯಾನಿಯನ್ ಸುತ್ತಿ ಬರೋಣ ಅಂತ ಪ್ಲಾನ್ ನಡೀತಾ ಇದೆ. ಎಷ್ಟು ಮೈಲಿ, ಎಲ್ಲಿ ರೂಮು, ಯಾವ ಟ್ರೇಲು ಅಂತ ನೋಡೋಕೆ ಮ್ಯಾಪು ಬಿಡಿಸಿದವನು ಅದರ ಮೇಲಿನ ಹೆಸರುಗಳಲ್ಲೇ ಸಿಕ್ಕಿಹಾಕಿಕೊಂಡೆ. ಈ ಮರುಭೂಮಿ ಕಣಿವೆಗಳ ಅರ್ಧ ಇತಿಹಾಸ ಆ ಹೆಸರುಗಳಲ್ಲೇ ಇದೆ ನೋಡಿ.

ಮೊದಲು ಝಯಾನ್. 1909ರಲ್ಲಿ ಅಧ್ಯಕ್ಷ ಟ್ಯಾಫ್ಟ್ ಈ ಕಣಿವೆಯನ್ನು ರಾಷ್ಟ್ರೀಯ ಸ್ಮಾರಕ ಅಂತ ಘೋಷಿಸಿದಾಗ ಇಟ್ಟ ಹೆಸರು ಮುಕುಂಟುವೀಪ್. ಅದು ಇಲ್ಲಿನ ಮೂಲನಿವಾಸಿ ಪಾಯೂಟ್ ಜನರ ಮಾತು. 1860ರ ದಶಕದಲ್ಲಿ ಬಂದು ನೆಲೆಸಿದ ಮಾರ್ಮನ್ನರು ಇದನ್ನು ಬೈಬಲ್ಲಿನ ಪವಿತ್ರ ನಗರಿಯ ನೆನಪಿಗೆ ಝಯಾನ್ ಅಂತ ಕರೆಯುತ್ತಿದ್ದರು. 1918ರಲ್ಲಿ ಸರ್ಕಾರವೂ ಅದನ್ನೇ ಒಪ್ಪಿಕೊಂಡಿತು, 1919ರಲ್ಲಿ ಅದೇ ಹೆಸರಿನಲ್ಲಿ ನ್ಯಾಷನಲ್ ಪಾರ್ಕ್ ಆಯಿತು. ಮುಕುಂಟುವೀಪ್ ಒಂಬತ್ತೇ ವರ್ಷ ಬಾಳಿತು. ಇಲ್ಲಿ ನಮ್ಮದು ವರ್ಜಿನ್ ನದಿಯ ಪಕ್ಕದ ರಿವರ್‌ಸೈಡ್ ವಾಕ್. ಹೋಗಿ ಬರಲು ಮೂರೂವರೆ ಕಿಲೋಮೀಟರ್, ಹೆಚ್ಚು ಏರಿಳಿತ ಇಲ್ಲ, ಅಮ್ಮನ ಮಂಡಿಗೂ ಅಡ್ಡಿಯಿಲ್ಲ.

ಪೇಜ್‌ನಿಂದ ದಕ್ಷಿಣಕ್ಕೆ 89ನೇ ಹೆದ್ದಾರಿ ನವಾಹೋ ಜನರ ನಾಡಿನೊಳಗೆ ಸಾಗುತ್ತದೆ. ಗ್ರಾಂಡ್ ಕ್ಯಾನಿಯನ್ ಕಡೆಗೆ ತಿರುಗುವಲ್ಲಿ ಕ್ಯಾಮೆರಾನ್ ಅಂತ ಸಣ್ಣ ಊರು. ಅರಿಜೋನಾದ ಸೆನೆಟರ್ ಆಗಿದ್ದ ರಾಲ್ಫ್ ಕ್ಯಾಮೆರಾನ್ ಎಂಬಾತನ ಹೆಸರು ಅದಕ್ಕೆ. ಈತನನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತಾನೆ.

ಅಲ್ಲಿಂದ ಪಶ್ಚಿಮಕ್ಕೆ ಹೋದರೆ ಗ್ರಾಂಡ್ ಕ್ಯಾನಿಯನ್ನಿನ ದಕ್ಷಿಣ ಅಂಚು. ದಾರಿಯುದ್ದಕ್ಕೂ ಇರುವ ವ್ಯೂ ಪಾಯಿಂಟುಗಳಿಂದ ಕಣಿವೆಯೊಳಗೆ ಗೋಪುರದ ಹಾಗೆ ಎದ್ದು ನಿಂತ ಒಂದು ಶಿಖರ ಕಾಣುತ್ತದೆ. ಹೆಸರು ವಿಷ್ಣು ಟೆಂಪಲ್! ಇನ್ನೂ ಮುಂದೆ ಶಿವ ಟೆಂಪಲ್, ಬ್ರಹ್ಮ ಟೆಂಪಲ್. ಕೃಷ್ಣ, ರಾಮರೂ ಇದ್ದಾರೆ. ಫೋನಿನಲ್ಲಿ ಹೇಳಿದ್ದಕ್ಕೆ ಅಪ್ಪನಿಗೆ ಖುಷಿಯೋ ಖುಷಿ, "ಹಿಂದೆ ನಮ್ಮವರು ಅಲ್ಲಿಗೆ ಹೋಗಿದ್ದರೋ ಏನೋ" ಅಂದರು.

ನಮ್ಮವರಲ್ಲ. ಒಂಟಿಗೈಯ ಮೇಜರ್ ಜಾನ್ ವೆಸ್ಲಿ ಪಾವೆಲ್ 1869ರಲ್ಲಿ ಹತ್ತು ಜನ, ನಾಲ್ಕು ದೋಣಿಗಳೊಂದಿಗೆ ಹೊರಟು ಕೊಲರಾಡೊ ನದಿಯಲ್ಲಿ ಈ ಕಣಿವೆ ದಾಟಿದ. ಆಮೇಲೆ ಅವನ ಸರ್ವೆಯಲ್ಲಿ ಕೆಲಸ ಮಾಡಿದ ಸೈನ್ಯಾಧಿಕಾರಿ, ಭೂವಿಜ್ಞಾನಿ ಕ್ಲಾರೆನ್ಸ್ ಡಟನ್. ಈ ಬಂಡೆಗಳಲ್ಲಿ ಅವನಿಗೆ ಏಷ್ಯಾದ ದೇಗುಲಗಳ ಹೋಲಿಕೆ ಕಂಡಿತು. ವಿಷ್ಣು, ಶಿವ ಅವನಿಟ್ಟ ಹೆಸರುಗಳು. 1882ರಲ್ಲಿ ಅವನ ಪುಸ್ತಕ ಬಂತು, ಮುಂದಿನವರು ಅದೇ ಚಾಳಿ ಮುಂದುವರಿಸಿದರು. ಕಣಿವೆಯ ತಳದ ಕಪ್ಪು ಕಲ್ಲಿಗೂ ವಿಷ್ಣು ಶಿಸ್ಟ್ ಅಂತಲೇ ಹೆಸರು. ವಯಸ್ಸು ಸುಮಾರು 175 ಕೋಟಿ ವರ್ಷ. (ನಮ್ಮ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ. ಈ ವಿಷಯದಲ್ಲಿ ನಾವೇ ಹಿರಿಯರು!)

ಇಷ್ಟೆಲ್ಲಾ ಹೆಸರಿಡುವಾಗ ಕಣಿವೆಯೇನೂ ಖಾಲಿ ಇರಲಿಲ್ಲ. ದಕ್ಷಿಣ ಅಂಚಿನಿಂದ ಇಳಿಯುವ ಪ್ರಸಿದ್ಧ ಬ್ರೈಟ್ ಏಂಜಲ್ ಟ್ರೇಲ್ ಮೂಲದಲ್ಲಿ ಹವಾಸುಪೈ ಜನರ ಕಾಲುದಾರಿ. ಹವಾಸುಪೈ ಅಂದರೆ ನೀಲಿ-ಹಸಿರು ನೀರಿನ ಜನ. ಏಳು ಕಿಲೋಮೀಟರ್ ಕೆಳಗೆ ಒಂದು ಚಿಲುಮೆಯಿದೆ. ಅಲ್ಲಿ ಅವರು ಜೋಳ, ಹುರುಳಿಕಾಯಿ, ಕುಂಬಳ ಬೆಳೆಯುತ್ತಿದ್ದರು. 1882ರಲ್ಲಿ, ಅಂದರೆ ಡಟನ್ನನ ಪುಸ್ತಕ ಬಂದ ವರ್ಷವೇ, ಸರ್ಕಾರ ಇಡೀ ಬುಡಕಟ್ಟಿಗೆ ಅಂತ ಬೇರೊಂದು ಉಪಕಣಿವೆಯಲ್ಲಿ ಬಿಟ್ಟುಕೊಟ್ಟ ಜಾಗ 518 ಎಕರೆ. ಈ ಕಾಲುದಾರಿಯನ್ನು 1890ರ ಸುಮಾರಿಗೆ ಗಣಿಗಾರರು ಅಗಲ ಮಾಡಿದರು. ಅವರಲ್ಲೊಬ್ಬ ನಮ್ಮ ಕ್ಯಾಮೆರಾನ್. ಇಳಿಯುವವರಿಂದ ತಲೆಗೆ ಒಂದು ಡಾಲರ್ ಸುಂಕ ವಸೂಲಿ ಮಾಡುತ್ತಿದ್ದ.

1928ರಲ್ಲಿ ಟ್ರೇಲು ಪಾರ್ಕಿನ ಕೈಗೆ ಬಂತು. ಪ್ರವಾಸಿಗರಿಗೆ ಒಳ್ಳೆಯದೇ ಆಯಿತು. ಆದರೆ ಅದೇ ವರ್ಷ ಆ ತೋಟದಲ್ಲಿ ಉಳಿದಿದ್ದ ಕೊನೆಯ ಹವಾಸುಪೈ, ಕ್ಯಾಪ್ಟನ್ ಬರ್ರೋ ಅನ್ನುವವನನ್ನು ಅಲ್ಲಿಂದ ಹೊರಹಾಕಲಾಯಿತು. ಸುಂಕ ವಸೂಲಿ ಮಾಡಿದವನ ಹೆಸರಲ್ಲಿ ಊರಿದೆ. ಉಳುತ್ತಿದ್ದವರ ಜಾಗಕ್ಕೆ ಮ್ಯಾಪಿನಲ್ಲಿ ಬಿದ್ದ ಹೆಸರು ಇಂಡಿಯನ್ ಗಾರ್ಡನ್.

1975ರಲ್ಲಿ ಕಾನೂನು ಮಾಡಿ ಸುಮಾರು 1,85,000 ಎಕರೆ ನೆಲವನ್ನು ಹವಾಸುಪೈಗಳಿಗೆ ಹಿಂದಿರುಗಿಸಲಾಯಿತು. ಈ ತೋಟ ಮಾತ್ರ ಪಾರ್ಕಿನಲ್ಲೇ ಉಳಿಯಿತು. 2022ರ ನವೆಂಬರಿನಲ್ಲಿ, ಆ ಜನರ ಕೋರಿಕೆಯ ಮೇಲೆ, ಅದರ ಹೆಸರು ಹವಾಸುಪೈ ಗಾರ್ಡನ್ಸ್ ಅಂತ ಬದಲಾಯಿತು. ಹೆಸರು ಬದಲಾದರೆ ತೋಟ ವಾಪಸ್ ಬಂದ ಹಾಗಲ್ಲ, ನಿಜ. ಆದರೂ ದಾರಿಹೋಕರು ಇದು ಯಾರ ಜಾಗ ಅಂತ ಕೇಳುವ ಹಾಗಾಯಿತಲ್ಲ.

ಇನ್ನು ನಮ್ಮ ಪ್ಲಾನ್. ತೋಟದವರೆಗೆ ಹೋಗಿ ಬರಲು ಹದಿನಾಲ್ಕು ಕಿಲೋಮೀಟರಿಗೂ ಹೆಚ್ಚು, ವಾಪಸ್ ಬರುವಾಗ 900 ಮೀಟರಿಗೂ ಮೀರಿದ ಹತ್ತುವಿಕೆ. ಇಲ್ಲಿ ಬೆಟ್ಟದ ಲೆಕ್ಕ ತಿರುಗಾಮುರುಗಾ, ಸುಸ್ತಾದ ಮೇಲೆ ಹತ್ತಬೇಕು; ಇಳಿದದ್ದಕ್ಕಿಂತ ಎರಡರಷ್ಟು ಹೊತ್ತು ಇಟ್ಟುಕೊಳ್ಳಿ. ಮಾರ್ಚಿನಲ್ಲಿ ಮೇಲಿನ ತಿರುವುಗಳಲ್ಲಿ ಮಂಜುಗಡ್ಡೆಯೂ ಇರಬಹುದು. ಹಾಗಾಗಿ ನಾನು, ನನ್ನ ಹೆಂಡತಿ, ಮಕ್ಕಳು ಒಂದೂವರೆ ಮೈಲಿಯ ವಿಶ್ರಾಂತಿ ಮನೆವರೆಗೆ ಮಾತ್ರ ಇಳಿದು ಹತ್ತುವುದು. ಅಪ್ಪ ಅಮ್ಮ ಮೇಲೇ ಇರುತ್ತಾರೆ.

ಅಪ್ಪನಿಗೆ ವಿಷ್ಣುವನ್ನು ಖಂಡಿತ ತೋರಿಸುತ್ತೇನೆ. ಜೊತೆಗೆ, ಕೆಂಪು ಬಂಡೆಗಳ ನಡುವೆ ಅಂಚಿನಿಂದಲೇ ಕಾಣುವ ಆ ಹಸಿರು ಪಟ್ಟಿಯನ್ನೂ ತೋರಿಸಿ ಕ್ಯಾಪ್ಟನ್ ಬರ್ರೋನ ಕತೆ ಹೇಳಬೇಕು ಅಂತಿದ್ದೇನೆ. ಮಕ್ಕಳೂ ಕೇಳಿಸಿಕೊಳ್ಳಲಿ.