ಎದೆ ಡವಡವ ಅಂದ್ರೆ ಹೃದಯವಾ, ಭಯವಾ? ಸೈನಿಕರಿಂದ ಶುರುವಾದ ಒಂದು ಹಳೇ ಜಗಳ

ಸುಮ್ಮನೆ ಕೂತಿರ್ತೀರಿ, ಇದ್ದಕ್ಕಿದ್ದ ಹಾಗೆ ಎದೆ ಡವಡವ ಅಂತ ಹೊಡ್ಕೊಳ್ಳೋಕೆ ಶುರುವಾಗುತ್ತೆ. ಮನೆಯಲ್ಲಿ ಹೇಳಿದ್ರೆ ಒಬ್ಬರು 'ಗ್ಯಾಸ್ಟ್ರಿಕ್ ಇರಬೇಕು' ಅಂತಾರೆ, ಇನ್ನೊಬ್ಬರು 'ಸುಮ್ನೆ ಟೆನ್ಷನ್ ಮಾಡ್ಕೋತೀಯ' ಅಂತಾರೆ. ನಮ್ಮ ಭಾಷೆಯಲ್ಲೂ ಧೈರ್ಯ, ಭಯ ಎರಡೂ ಎದೆಯಲ್ಲೇ ಇರೋದು: ಎದೆಗಾರ, ಎದೆಗುಂದಿದವ, ಗುಂಡಿಗೆ ಗಟ್ಟಿ ಇರೋನು. ಆದರೆ ಈ ಬಡಿತ ಭಯದ್ದೋ, ದೇಹದ ಬೇರೆ ತೊಂದರೆಯದ್ದೋ ಅಂತ ಪತ್ತೆ ಮಾಡೋಕೆ ವೈದ್ಯರು ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಒದ್ದಾಡ್ತಿದ್ದಾರೆ. ನಾನು ಓದಿದ್ದು ಕಾಮರ್ಸ್. ಹಾಗಾಗಿ ಇದನ್ನ ಇತಿಹಾಸ ಅಂತ ಕೇಳಿ, ಚಿಕಿತ್ಸೆ ಬೇಕಿದ್ರೆ ಡಾಕ್ಟರ್ ಹತ್ರಾನೇ ಹೋಗಿ.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೀತು. ಫಿಲಡೆಲ್ಫಿಯಾದ ಟರ್ನರ್ಸ್ ಲೇನ್ ಆಸ್ಪತ್ರೆಗೆ ಒಂದು ವಿಚಿತ್ರ ಗುಂಪಿನ ಸೈನಿಕರು ಬರ್ತಿದ್ರು. ಗುಂಡೇಟಿಲ್ಲ, ಗಾಯವಿಲ್ಲ. ಆದರೆ ಎದೆ ಓಡುತ್ತೆ, ಉಸಿರು ಸಾಲಲ್ಲ, ತಲೆ ಸುತ್ತುತ್ತೆ, ಜೊತೆಯವರ ಜೊತೆ ಹೆಜ್ಜೆ ಹಾಕೋಕೆ ಆಗಲ್ಲ. ಇವರನ್ನ ನೋಡ್ತಿದ್ದ ವೈದ್ಯ ಜೇಕಬ್ ಮೆಂಡೆಸ್ ಡಾ ಕೋಸ್ಟಾ. ಸ್ಟೆತಸ್ಕೋಪ್ ಇಟ್ಟು ಕೇಳಿದ್ರೆ, ಹೆಚ್ಚಿನವರ ಹೃದಯದಲ್ಲಿ ರೋಗ ಅನ್ನೋಂಥದ್ದು ಏನೂ ಸಿಗಲಿಲ್ಲ.

'ಹೇಡಿಗಳು, ನಾಟಕ ಆಡ್ತಿದ್ದಾರೆ' ಅಂತ ಷರಾ ಬರೆದು ಕಳಿಸೋದು ಸುಲಭ ಇತ್ತು. ಡಾ ಕೋಸ್ಟಾ ಹಾಗೆ ಮಾಡಲಿಲ್ಲ. ಕೂತು ಒಬ್ಬೊಬ್ಬರ ಕತೆ ಕೇಳಿದ್ರು. ಕೆಲವರಿಗೆ ಜ್ವರ ಬಂದು ಹೋಗಿತ್ತು, ಕೆಲವರಿಗೆ ತಿಂಗಳುಗಟ್ಟಲೆ ಭೇದಿ, ಇನ್ನು ಬಹಳ ಜನ ದಿನಗಟ್ಟಲೆ ನಡೆದು ಸುಸ್ತಾದವರು. ಮಲಗಿದಾಗ ನಾಡಿ ಇಳಿಯುತ್ತೆ, ಎದ್ದು ನಿಂತ ತಕ್ಷಣ ಜಿಗಿಯುತ್ತೆ ಅಂತಾನೂ ಗಮನಿಸಿದ್ರು. 1871ರಲ್ಲಿ ಸುಮಾರು 300 ಸೈನಿಕರ ಅನುಭವದ ಮೇಲೆ ಲೇಖನ ಬರೆದು, ಇದಕ್ಕೆ 'ಇರಿಟಬಲ್ ಹಾರ್ಟ್' ಅಂತ ಹೆಸರಿಟ್ಟರು. ಕೆರಳಿದ ಹೃದಯ ಅನ್ನಿ. (ಅದರ ಹಿಂದಿನ ವರ್ಷವೇ ಬ್ರಿಟಿಷ್ ಸೇನೆಯ ಡಾಕ್ಟರ್ ಆರ್ಥರ್ ಮೈಯರ್ಸ್, ಬಿಗಿ ಸಮವಸ್ತ್ರ, ಬೆಲ್ಟು ಎದೆಯನ್ನ ಅದುಮುತ್ತೆ, ಅದೇ ಕಾರಣ ಅಂತ ಬರೆದಿದ್ರು. ಟೈಲರ್ ಮೇಲೆ ತಪ್ಪು!)

ಮೊದಲ ಮಹಾಯುದ್ಧದಲ್ಲಿ ಇದೇ ಕಾಟ ಬ್ರಿಟನ್ನಿಗೆ ಸಾವಿರಾರು ಸೈನಿಕರ ಲೆಕ್ಕದಲ್ಲಿ ಬಂತು. ಹೃದಯದ ಕಾಯಿಲೆ ಅಂದ್ರೆ ಮನೆಗೆ ಹೋಗಬಹುದು, ಪಿಂಚಣಿ ಸಿಗಬಹುದು. ಏನೂ ಇಲ್ಲ ಅಂದ್ರೆ ವಾಪಸ್ ಕಂದಕಕ್ಕೆ. ಡಾಕ್ಟರ್ ಬರೆಯೋ ಒಂದು ಪದದ ಮೇಲೆ ಒಬ್ಬ ಹುಡುಗನ ಜೀವ ನಿಂತಿತ್ತು.

ಥಾಮಸ್ ಲೂಯಿಸ್ ಆ ಕಾಲದಲ್ಲಿ ಇಸಿಜಿ ವಿಷಯದಲ್ಲಿ ದೊಡ್ಡ ಹೆಸರು. ಮೊದಲು ಹ್ಯಾಂಪ್‌ಸ್ಟೆಡ್, 1917ರಿಂದ ಕೋಲ್ಚೆಸ್ಟರ್‌ನ ಮಿಲಿಟರಿ ಆಸ್ಪತ್ರೆಯಲ್ಲಿ ಈ ಸೈನಿಕರನ್ನ ನೋಡಿಕೊಂಡ್ರು. ಹಾಸಿಗೆ ಬಿಡಿಸಿ, ದಿನಾ ಸ್ವಲ್ಪ ಸ್ವಲ್ಪ ಹೆಚ್ಚಿಸ್ತಾ ಕವಾಯತು ಮಾಡಿಸಿದ್ರು. ಚಿಕಿತ್ಸೆಯೂ ಅದೇ, ಪರೀಕ್ಷೆಯೂ ಅದೇ. 'ಹೃದಯ' ಅನ್ನೋ ಪದ ಕೇಳಿದ್ರೇನೇ ರೋಗಿ ಇನ್ನಷ್ಟು ಹೆದರ್ತಾನೆ, ಅದಕ್ಕೆ ಅದಿಲ್ಲದ 'ಎಫರ್ಟ್ ಸಿಂಡ್ರೋಮ್' ಅನ್ನೋ ಹೆಸರು ಬಳಕೆಗೆ ತಂದ್ರು. ನನಗೆ ಇದು ಬಹಳ ಸೂಕ್ಷ್ಮ ಅನ್ನಿಸ್ತು. 1941ರಲ್ಲಿ ಪಾಲ್ ವುಡ್ ಇನ್ನೂ ಮುಂದೆ ಹೋದ್ರು: ಇದರ ಮೂಲ ಹೃದಯದಲ್ಲಿಲ್ಲ, ಆತಂಕದಲ್ಲಿದೆ.

ವುಡ್ ಹೇಳಿದ್ದು ಬಹಳ ಜನರ ಮಟ್ಟಿಗೆ ಸರಿ ಇರಬಹುದು. ಆದರೆ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ ಅನ್ನೋದಕ್ಕೂ, ಏನೂ ಇಲ್ಲ ಅನ್ನೋದಕ್ಕೂ ವ್ಯತ್ಯಾಸ ಇದೆ. ಅದಾಗಲೇ 1930ರಲ್ಲಿ ವುಲ್ಫ್, ಪಾರ್ಕಿನ್ಸನ್, ವೈಟ್ ಅನ್ನೋ ಮೂವರು 11 ಜನರ ಬಗ್ಗೆ ಬರೆದಿದ್ರು. ನೋಡೋಕೆ ಆರೋಗ್ಯವಂತರು, ಆದರೆ ಆಗಾಗ ಹೃದಯ ಓಡುತ್ತೆ, ಇಸಿಜಿ ವಿಚಿತ್ರವಾಗಿದೆ. ಅಂಥವರ ಹೃದಯದಲ್ಲಿ ಹುಟ್ಟಿನಿಂದಲೇ ಒಂದು ಹೆಚ್ಚುವರಿ 'ವೈರ್' ಇರುತ್ತೆ, ಕರೆಂಟು ಅದರಲ್ಲೇ ಸುತ್ತು ಹೊಡೆಯುತ್ತೆ ಅಂತ ಆಮೇಲೆ ಗೊತ್ತಾಯ್ತು. ಇನ್ನೂ ಕೆಲವು ಓಟಗಳು ನಿಂತ ಮೇಲೆ ಇಸಿಜಿಯಲ್ಲಿ ಗುರುತೇ ಬಿಡಲ್ಲ. ಕಳ್ಳ ಹೋದ ಮೇಲೆ ಫೋಟೋ ತೆಗೆದ ಹಾಗೆ. ಇದಕ್ಕೆ ದಾರಿ ಹುಡುಕಿದ್ದು ಅಮೆರಿಕದ ಮೊಂಟಾನಾದ ನಾರ್ಮನ್ ಹೋಲ್ಟರ್. ಓಡಾಡ್ತಾ ಇಸಿಜಿ ಕಳಿಸೋ ಅವರ ಮೊದಲ ಯಂತ್ರ ಬೆನ್ನಿಗೆ ಹೊರುವ ಸುಮಾರು 38 ಕೆಜಿ ಮೂಟೆ! ಈಗ ಅದು ಕೈಯಲ್ಲಿ ಹಿಡಿಯುವಷ್ಟು ಚಿಕ್ಕದು. ದಿನವಿಡೀ ಹಾಕ್ಕೊಂಡು ಇರಿ ಅಂತ ಡಾಕ್ಟರ್ ಕೊಡೋ 'ಹೋಲ್ಟರ್' ಇದೇ.

ಈಗ ಬೇಜಾರಿನ ಭಾಗ. 1997ರಲ್ಲಿ ಅಮೆರಿಕದಲ್ಲಿ ಒಂದು ಅಧ್ಯಯನ ಬಂತು. 107 ಜನ, ಎಲ್ಲರಿಗೂ ಎಸ್‌ವಿಟಿ, ಅಂದ್ರೆ ಹೃದಯದ ಕರೆಂಟಿನ ದೋಷದಿಂದಲೇ ಬರುವ ಓಟ ಇದೆ ಅಂತ ಖಚಿತವಾಗಿತ್ತು. ಅವರಲ್ಲಿ ಶೇಕಡಾ 67ರಷ್ಟು ಜನರ ಲಕ್ಷಣಗಳು ಪುಸ್ತಕದ ಪ್ರಕಾರ ಪ್ಯಾನಿಕ್ ಕಾಯಿಲೆಗೂ ಹೊಂದುತ್ತಿದ್ವು! ಅರ್ಧಕ್ಕಿಂತ ಹೆಚ್ಚು ಜನರಿಗೆ ಮೊದಲ ತಪಾಸಣೆಯಲ್ಲಿ ದೋಷ ಗೊತ್ತೇ ಆಗಿರಲಿಲ್ಲ. ಹಾಗೆ ತಪ್ಪಿಹೋದವರಲ್ಲಿ 'ಇದು ಮನಸ್ಸಿನದು' ಅಂತ ಹೇಳಿಸಿಕೊಂಡಿದ್ದು ಗಂಡಸರಿಗಿಂತ ಹೆಂಗಸರೇ ಹೆಚ್ಚು. ಡಾ ಕೋಸ್ಟಾನ ಸೈನಿಕರಿಗೆ ಕನಿಷ್ಠ ತಮ್ಮ ಕತೆ ಕೇಳೋರು ಒಬ್ಬರಿದ್ರು.

ಹೃದಯದ ಹೊರಗಿನ ಕಾರಣಗಳೂ ಇವೆ. ಇಂಗ್ಲೆಂಡಿನ ಬಾತ್ ಊರಿನ ವೈದ್ಯ ಕೇಲೆಬ್ ಪ್ಯಾರಿ ನೋಡಿದ ಒಬ್ಬ ಯುವತಿ ಇಳಿಜಾರಿನಲ್ಲಿ ಗಾಲಿಕುರ್ಚಿಯಿಂದ ಬಿದ್ದು ಹೆದರಿದ್ದಳು, ಆಮೇಲೆ ಎದೆ ಬಡಿತ ಶುರು. ಭಯ ಅಂತ ಫೈಲ್ ಮುಚ್ಚಬಹುದಿತ್ತು. ಪ್ಯಾರಿ ಅವಳ ಕುತ್ತಿಗೆಯ ಊತವನ್ನೂ ಬರೆದಿಟ್ಟರು. ಅದು ಥೈರಾಯ್ಡ್. ರಕ್ತಹೀನತೆಯಲ್ಲೂ ಎದೆ ಓಡುತ್ತೆ. ಭಾರತದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57ರಷ್ಟು ಮಂದಿಗೆ ರಕ್ತಹೀನತೆ ಇದೆ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ-5 ಹೇಳುತ್ತೆ. ಇನ್ನು ಎದ್ದು ನಿಂತಾಗ ನಾಡಿ ಜಿಗಿಯೋದು, ಡಾ ಕೋಸ್ಟಾ ಬರೆದಿದ್ದರಲ್ಲ, ಅಂಥ ಒಂದು ತೊಂದರೆಗೆ 1993ರಲ್ಲಿ 'ಪಾಟ್ಸ್' ಅನ್ನೋ ಹೆಸರು ಬಂತು.

ಹಾಗಾದ್ರೆ ಗುರುತಿಸೋದು ಹೇಗೆ? ಸ್ವಿಚ್ ಹಾಕಿದ ಹಾಗೆ ಶುರುವಾಗಿ, ಹಾಗೇ ಟಕ್ ಅಂತ ನಿಂತರೆ ಕರೆಂಟಿನ ದೋಷದ ಅನುಮಾನ ಜಾಸ್ತಿ. ಆತಂಕದ್ದು ಸಾಮಾನ್ಯವಾಗಿ ಏರಿ, ನಿಧಾನವಾಗಿ ಇಳಿಯುತ್ತೆ. ಆದರೆ ಪ್ಯಾನಿಕ್ ಕೂಡ ದಿಢೀರಂತ ಬರಬಹುದು, ಎರಡೂ ಒಬ್ಬರಲ್ಲೇ ಇರಬಹುದು. ಅದಕ್ಕೆ ಇಸಿಜಿ, ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿಸದೆ 'ಟೆನ್ಷನ್' ಅಂತ ತೀರ್ಮಾನ ಮಾಡಬಾರದು. ಮುಂದಿನ ಸಲ ಆದಾಗ ಮಣಿಕಟ್ಟಿನ ನಾಡಿ 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ಶುರುವಾದ ಹೊತ್ತು, ನಿಂತ ಹೊತ್ತು, ಆಗ ಏನು ಮಾಡ್ತಿದ್ರಿ ಅಂತ ಫೋನಲ್ಲಿ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಎದೆನೋವು, ಉಸಿರಾಟದ ಕಷ್ಟ, ಪ್ರಜ್ಞೆ ತಪ್ಪೋದು ಜೊತೆಗಿದ್ರೆ ಎಣಿಸ್ತಾ ಕೂರಬೇಡಿ, 108ಕ್ಕೆ ಫೋನ್ ಮಾಡಿ.