ಗಣಕದ ಬಿಡಿಭಾಗಗಳೂ ಕನ್ನಡದ ಅಕ್ಷರಗಳೂ

ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ರಂದು ನಿಲ್ಲಿಸಿತು. ಅಂದಿನಿಂದ ನನ್ನ ಹಳೆಯ ವಿದ್ಯಾರ್ಥಿಗಳೂ ಬಂಧುಗಳೂ ಕೇಳುವ ಪ್ರಶ್ನೆ ಒಂದೇ: "ಸರ್, ಮನೆಯಲ್ಲಿರುವ ಹಳೆಯ ಕಂಪ್ಯೂಟರಿಗೆ ಹೊಸ ಭಾಗಗಳನ್ನು ಹಾಕಿಸಬೇಕೋ, ಅದನ್ನು ಗುಜರಿಗೆ ಕೊಡಬೇಕೋ?" ಇತಿಹಾಸದ ಪಾಠ ಹೇಳಿ ನಿವೃತ್ತನಾದವನು ನಾನು. ಆದ್ದರಿಂದ ಉತ್ತರವನ್ನು ಇತಿಹಾಸದಿಂದಲೇ ಆರಂಭಿಸಿದರೆ ಓದುಗರು ಬೇಸರಿಸಲಾರರೆಂದು ನಂಬಿದ್ದೇನೆ.

ಬಿಡಿಭಾಗಗಳನ್ನು ಆಯ್ದು ಗಣಕವನ್ನು ಜೋಡಿಸಿಕೊಳ್ಳುವ ಸ್ವಾತಂತ್ರ್ಯ ತಾನಾಗಿ ಬಂದದ್ದಲ್ಲ. 1981ರ ಆಗಸ್ಟ್ 12ರಂದು ಐಬಿಎಂ ಸಂಸ್ಥೆ ತನ್ನ ಪಿಸಿಯನ್ನು ಪ್ರಕಟಿಸಿದಾಗ, ಅದರ ಒಳಗೆ ಐದು ಖಾಲಿ ಸ್ಲಾಟುಗಳನ್ನು ಬಿಟ್ಟಿತ್ತು. ಯಂತ್ರದ ರಚನೆಯ ವಿವರಗಳನ್ನೂ ಕೈಪಿಡಿಯಾಗಿ ಅಚ್ಚುಹಾಕಿಸಿತ್ತು. ಆ ಸ್ಲಾಟಿಗೆ ಹೊಂದುವ ಕಾರ್ಡನ್ನು ಯಾರು ಬೇಕಾದರೂ ತಯಾರಿಸಬಹುದಾಯಿತು. ಮುಂದೆ 1995ರಲ್ಲಿ ಇಂಟೆಲ್ ಸಂಸ್ಥೆ ಎಟಿಎಕ್ಸ್ ಎಂಬ ಅಳತೆಯನ್ನು ಗೊತ್ತುಪಡಿಸಿತು. ಒಬ್ಬರು ಮಾಡಿದ ಮದರ್‌ಬೋರ್ಡು ಇನ್ನೊಬ್ಬರು ಮಾಡಿದ ಪೆಟ್ಟಿಗೆಯಲ್ಲಿ ಕೂರುವುದು ಇಂಥ ಒಪ್ಪಂದಗಳಿಂದಲೇ.

ನಮ್ಮ ದೇಶದಲ್ಲಿ 1984ರ ಗಣಕ ನೀತಿಯು ಆಮದಿನ ಬಿಗಿಯನ್ನು ಸಡಿಲಿಸಿತು. 1997ರಲ್ಲಿ ಭಾರತವು ಮಾಹಿತಿ ತಂತ್ರಜ್ಞಾನ ಒಪ್ಪಂದವನ್ನು ಸೇರಿ, ಅದರ ಅನ್ವಯ 2005ರ ವೇಳೆಗೆ ಬಹುತೇಕ ಭಾಗಗಳ ಮೇಲಿನ ಸುಂಕವನ್ನು ಸೊನ್ನೆಗೆ ಇಳಿಸಿತು. ಬೆಂಗಳೂರಿನ ಎಸ್.ಪಿ. ರಸ್ತೆ ಬಿಡಿಭಾಗಗಳ ಪೇಟೆಯಾಗಿ ಹೆಸರಾಯಿತು. ಬೆಳಗಾವಿಯಲ್ಲಿ 1998ರಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಸ್ಥಾಪನೆಯಾಯಿತು. ಎಂಜಿನಿಯರಿಂಗ್ ಓದುವ ಮಕ್ಕಳಿರುವ ಮನೆಗಳಲ್ಲಿ "ಬ್ರಾಂಡೆಡ್ ಬೇಕೋ, ಅಸೆಂಬಲ್ಡ್ ಸಾಕೋ" ಎಂಬ ಚರ್ಚೆ ನಡೆಯುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಆದರೆ ಕನ್ನಡಿಗರಿಗೆ ಇನ್ನೊಂದು ಪ್ರಶ್ನೆಯಿತ್ತು. ಈ ಯಂತ್ರ ಕನ್ನಡವನ್ನು ಬರೆದೀತೇ? ಆ ಕಾಲದ ಡಾಸ್ ಗಣಕದಲ್ಲಿ ಪರದೆಯ ಮೇಲಿನ ಅಕ್ಷರಗಳ ಆಕಾರಗಳು ವಿಡಿಯೋ ಕಾರ್ಡಿನ ಒಂದು ಚಿಪ್ಪಿನಲ್ಲೇ ಅಚ್ಚಾಗಿರುತ್ತಿದ್ದವು. ಅವುಗಳಿಗೆ ಇದ್ದ ಜಾಗ 256 ಮಾತ್ರ. ಕಾಗುಣಿತ, ಒತ್ತಕ್ಷರಗಳೆಲ್ಲ ಸೇರಿದರೆ ನಮ್ಮ ಲಿಪಿಗೆ ಅದು ಎಲ್ಲಿ ಸಾಲಬೇಕು? ಇದಕ್ಕೆ ಕಾನ್ಪುರದ ಐಐಟಿಯಲ್ಲಿ ಮೊಳೆತು, ಪುಣೆಯ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಪರಿಹಾರವೇ ಜಿಸ್ಟ್ ಕಾರ್ಡು. ಗಣಕದ ಸ್ಲಾಟಿನಲ್ಲಿ ಈ ಕಾರ್ಡನ್ನು ಕೂರಿಸಿದರೆ ಪರದೆಯ ಮೇಲೆ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಅಂದರೆ ಆಗ ನಮ್ಮ ಭಾಷೆಯೇ ಹಣ ತೆತ್ತು ಕೊಳ್ಳಬೇಕಾದ ಒಂದು ಬಿಡಿಭಾಗವಾಗಿತ್ತು! ಕನ್ನಡ, ಮರಾಠಿಗಳೆರಡೂ ಬೇಕಾದ ನಮ್ಮಂಥ ಗಡಿಯೂರಿಗೆ ಇದರ ಬೆಲೆ ಏನೆಂದು ಬೇರೆ ಹೇಳಬೇಕಾಗಿಲ್ಲ.

ವಿಂಡೋಸ್ ಬಂದ ಮೇಲೆ ಕಾರ್ಡಿನ ಅಗತ್ಯ ತಪ್ಪಿತು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ'ವೂ, ಅನಂತರ ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ಬಂದವು. ಕೆ.ಪಿ. ರಾಯರ ಕೀಲಿಮಣೆ ವಿನ್ಯಾಸದ ಜಾಡಿನಲ್ಲಿ ಸಾವಿರಾರು ಮಂದಿ ಕನ್ನಡವನ್ನು ಬೆರಳಚ್ಚಿಸಿದರು. ಆದರೆ ಅಂದಿನ ಫಾಂಟುಗಳು ಕನ್ನಡ ಅಕ್ಷರದ ತುಣುಕುಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಇಟ್ಟುಕೊಂಡಿದ್ದವು. ಫಾಂಟು ಇಲ್ಲದ ಗಣಕದಲ್ಲಿ ಕಡತವನ್ನು ತೆರೆದರೆ ಕಾಣುವುದು ಅರ್ಥವಿಲ್ಲದ ಚಿಹ್ನೆಗಳ ರಾಶಿ. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ 128 ಸ್ಥಾನಗಳು ಮೀಸಲಾಗಿದ್ದವು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಫಾಂಟಿನೊಡನೆ ಅದು ಮನೆಮನೆಯ ಗಣಕಕ್ಕೂ ಬಂತು. ಮೊದಲು ಒಂದು ಕಾರ್ಡಿಗೆ, ಆಮೇಲೆ ಒಂದು ಫಾಂಟಿಗೆ ಕಟ್ಟುಬಿದ್ದಿದ್ದ ಕನ್ನಡ ಅಲ್ಲಿಗೆ ಬಂಧಮುಕ್ತವಾಯಿತು.

ಇಲ್ಲಿ ನಮ್ಮ ಕೋಟೆಯ ಮಾತೊಂದನ್ನು ಹೇಳಲೇಬೇಕು. ಬೆಳಗಾವಿಯ ಕೋಟೆಯಲ್ಲಿ ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ ಬೀಚಿರಾಜನು ಬಸದಿಯನ್ನು ಕಟ್ಟಿಸಿದನು. ಅದಕ್ಕೆ ಕೊಟ್ಟ ದತ್ತಿಗಳನ್ನು ಹೇಳುವ 1204ರ ಕನ್ನಡ ಶಾಸನಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಕಲ್ಲು ಕಡಲು ದಾಟಿತು, ಎಂಟು ಶತಮಾನಗಳು ಕಳೆದವು. ಹಳಗನ್ನಡ ಬಲ್ಲವರು ಈಗಲೂ ಅದನ್ನು ಓದಬಲ್ಲರು. ನಮ್ಮ ಮನೆಯ ಗಣಕದಲ್ಲಿ 2003ರಲ್ಲಿ ಬರೆದಿಟ್ಟ ವಂಶಾವಳಿಯೋ, ಅಜ್ಜಿಯ ಹಾಡುಗಳೋ ಇಪ್ಪತ್ತೇ ವರ್ಷಗಳಲ್ಲಿ ಓದಲಾಗದಂತೆ ಆದರೆ, ದೋಷ ಕಾಲದ್ದೆನ್ನೋಣವೇ?

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೊಸ ಭಾಗವನ್ನು ಕೊಳ್ಳುವ ಮೊದಲು ಹಳೆಯ ಕಡತಗಳನ್ನು ಹೊರತೆಗೆಯಿರಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಇರುವುದನ್ನು ಪರಿವರ್ತಕ ತಂತ್ರಾಂಶದಿಂದ ಯೂನಿಕೋಡಿಗೆ ಮಾರ್ಪಡಿಸಿ, ಒಮ್ಮೆ ಓದಿ ತಿದ್ದಿ, ಎರಡು ಕಡೆ ಪ್ರತಿ ಇಡಿ. ಫ್ಲಾಪಿ, ಸಿಡಿಗಳಲ್ಲಿ ಇರುವುದನ್ನು ಇನ್ನು ತಡಮಾಡದೆ ನಕಲು ಮಾಡಿಕೊಳ್ಳಿ.

ಅನಂತರ ಯಂತ್ರದತ್ತ ನೋಡಿ. ಹಳೆಯ ಗಣಕವು ನಿಧಾನವಾಗುವುದಕ್ಕೆ ಹಲವು ಸಲ ಪ್ರೊಸೆಸರ್ ಕಾರಣವಲ್ಲ, ತಿರುಗುವ ಹಾರ್ಡ್‌ಡಿಸ್ಕ್ ಕಾರಣ. ಸಾಟಾ ಕೇಬಲ್ಲಿನ ಜೋಡಣೆ ಇರುವ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿಸಿದರೆ ಹೊಸ ಜೀವ ಬಂದಂತಾಗುತ್ತದೆ. ಹಳೆಯ ಹಾರ್ಡ್‌ಡಿಸ್ಕ್ ಚೆನ್ನಾಗಿದ್ದರೆ ಪ್ರತಿಗಳನ್ನು ಇಡಲು ಇರಲಿ. ರ‍್ಯಾಮ್ ಹೆಚ್ಚಿಸುವಾಗ ಪೀಳಿಗೆಯನ್ನು ನೋಡಿಕೊಳ್ಳಿ. ಡಿಡಿಆರ್3, ಡಿಡಿಆರ್4, ಡಿಡಿಆರ್5ಗಳ ಕಚ್ಚುಗಳು ಬೇರೆಬೇರೆ ಕಡೆ ಇರುವುದರಿಂದ ಒಂದರ ಜಾಗದಲ್ಲಿ ಇನ್ನೊಂದು ಕೂರದು. ವಿಂಡೋಸ್ 11 ಹಾಕಿಸುವುದಾದರೆ ಟಿಪಿಎಂ 2.0 ಇರಬೇಕು, ಪ್ರೊಸೆಸರೂ ಅವರ ಪಟ್ಟಿಯಲ್ಲಿ ಇರಬೇಕು. ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಅಥವಾ ಅದರ ನಂತರದ್ದು. ಅಷ್ಟಿಲ್ಲದ ಯಂತ್ರಕ್ಕೆ ಲಿನಕ್ಸ್ ಹಾಕಿಸಬಹುದು. ಯೂನಿಕೋಡ್ ಕನ್ನಡ ಅಲ್ಲಿಯೂ ಚೆನ್ನಾಗಿ ನಡೆಯುತ್ತದೆ. ಓದು, ಬರಹ, ಪತ್ರವ್ಯವಹಾರಗಳಿಗೆ ದುಬಾರಿ ಗ್ರಾಫಿಕ್ಸ್ ಕಾರ್ಡು ಬೇಡವೇ ಬೇಡ.

ಖಾನಾಪುರದ ಕಡೆಯವರಿಗೆ ಇನ್ನೊಂದು ಮಾತು. ಮಳೆಗಾಲದ ಸಿಡಿಲು, ಕರೆಂಟಿನ ಏರಿಳಿತಗಳ ನಡುವೆ ಅಗ್ಗದ ಎಸ್‌ಎಂಪಿಎಸ್ ಹಾಕಿಸಿದರೆ, ಅದು ಕೆಡುವಾಗ ಮದರ್‌ಬೋರ್ಡನ್ನೂ ಜೊತೆಗೆ ಕರೆದೊಯ್ಯಬಹುದು. ಪ್ರೊಸೆಸರಿನಲ್ಲಿ ಒಂದು ಮೆಟ್ಟಿಲು ಕೆಳಗಿಳಿದರೂ ಚಿಂತೆಯಿಲ್ಲ. ಎಸ್‌ಎಂಪಿಎಸ್, ಯುಪಿಎಸ್, ಅರ್ಥಿಂಗ್ ಈ ಮೂರರಲ್ಲಿ ಜಿಪುಣತನ ಬೇಡ. ಗುಡುಗುವಾಗ ಪ್ಲಗ್ಗನ್ನು ಕಿತ್ತಿಡುವುದಕ್ಕೆ ಯಾವ ಖರ್ಚೂ ಇಲ್ಲ.

ಯಾವ ಭಾಗವಾದರೂ ಸಾರ್ವತ್ರಿಕ ಅಳತೆಗೆ ಒಪ್ಪುವಂಥದ್ದನ್ನೇ ಆರಿಸಿ. ಒಬ್ಬನೇ ತಯಾರಕನ ಬಳಿ ಸಿಗುವ ಭಾಗವು ಅವನು ಕೈಬಿಟ್ಟ ದಿನ ಗುಜರಿಯಾಗುತ್ತದೆ. ಅಕ್ಷರಗಳ ವಿಷಯದಲ್ಲೂ ಕನ್ನಡ ಕಲಿತ ಪಾಠ ಇದೇ. ನಿಮ್ಮ ಮನೆಯ ಹಳೆಯ ಕಡತಗಳಲ್ಲಿ ಊರಿನ, ಶಾಲೆಯ, ಹಿರಿಯರ ಸಂಗತಿಗಳೇನಾದರೂ ಸಿಕ್ಕರೆ, ಯೂನಿಕೋಡಿಗೆ ತಂದು ನನಗೂ ಒಂದು ಪ್ರತಿ ಕಳುಹಿಸಿ. ಓದಲು ಕಾದಿರುತ್ತೇನೆ.