ಮುನ್ನಾದಿನ ಒಲೆ ಆರಲಿ



ಕ್ರಿಸ್ತಜಯಂತಿಯ ನಡುರಾತ್ರಿಯ ಬಲಿಪೂಜೆಯಲ್ಲಿ ಪೀಠದ ಬಳಿ ನಿಂತವರಿಗೆ ದೇವಾಲಯ ಪೂರ್ತಿ ಕಾಣುತ್ತದೆ. ಹೊಸ ಅಂಗಿ ತೊಟ್ಟ ಮಕ್ಕಳು ಗೋದಲಿಯ ಕಡೆಗೇ ಕತ್ತು ತಿರುಗಿಸಿರುತ್ತಾರೆ. ಗಂಡಸರು ಹಿಂದಿನ ಬಾಗಿಲ ಬಳಿ ಕೈಕಟ್ಟಿ ನಿಂತಿರುತ್ತಾರೆ. ಆದರೆ ಎಷ್ಟೋ ಸಾಲುಗಳಲ್ಲಿ ಮಕ್ಕಳ ಪಕ್ಕದ ಜಾಗ ಖಾಲಿ. "ಅಮ್ಮ ಎಲ್ಲಪ್ಪಾ?" ಎಂದು ಪೂಜೆಯ ನಂತರ ಕೇಳಿದರೆ, "ಮನೇಲಿದ್ದಾರೆ ಫಾದರ್, ಅಡುಗೆ ಇನ್ನೂ ಮುಗಿದಿಲ್ಲ" ಎಂಬ ಉತ್ತರ.

ಸೊರಬ ಕಡೆಯ ಒಂದು ಮನೆಗೆ ಹಬ್ಬದ ಮರುದಿನ ಹೋಗಿದ್ದೆವು. ತಟ್ಟೆ ತುಂಬ ತಿಂಡಿ ತಂದಿಟ್ಟ ಆ ತಾಯಿ ತಲೆ ತಗ್ಗಿಸಿಕೊಂಡು ಹೇಳಿದರು: "ಪೂಜೆಗೆ ಬಂದಿದ್ದೆ ಫಾದರ್. ಆದರೆ ಕಣ್ಣು ಎಳೆದುಬಿಡ್ತು. ಬಾಲಯೇಸುವಿಗೆ ಮುತ್ತಿಡೋಕೆ ಎಲ್ಲರೂ ಎದ್ದಾಗಲೇ ನನಗೆ ಎಚ್ಚರ ಆಗಿದ್ದು." 22ನೇ ತಾರೀಖಿನವರೆಗೆ ಅಡಿಕೆ ಸುಲಿಯುವ ಕೆಲಸ, 23ರ ರಾತ್ರಿಯಿಡೀ ಕರಿಯುವ ಕೆಲಸ, 24ರಂದು ಮನೆ ಸಾರಿಸಿ ಮಸಾಲೆ ರುಬ್ಬುವ ಕೆಲಸ. ಅವರು ಅದನ್ನು ಪಾಪನಿವೇದನೆ ಮಾಡುವವರಂತೆ ಹೇಳಿದರು. ತಪ್ಪು ಅವರದಲ್ಲ ಎಂದು ನಮಗೆ ಅಂದೇ ಅನ್ನಿಸಿತು. ಹಾಗಾದರೆ ತಪ್ಪಿದ್ದು ಎಲ್ಲಿ? ಅದನ್ನು ತಿಳಿಯಲು ಹಬ್ಬದೂಟದ ಇತಿಹಾಸವನ್ನೇ ಸ್ವಲ್ಪ ಹಿಂದಿರುಗಿ ನೋಡೋಣ.

ಆರನೆಯ ದಿನದ ಅಡುಗೆ

ಅಡುಗೆಯನ್ನು ಮುಂಚಿತವಾಗಿ ಮಾಡಿಡುವುದು ಸೋಮಾರಿಗಳ ಉಪಾಯ ಎಂದು ಕೆಲವರು ತಿಳಿದಿದ್ದಾರೆ. ಪವಿತ್ರ ಬೈಬಲ್ ಹಾಗೆ ಹೇಳುವುದಿಲ್ಲ. ವಿಮೋಚನಾಕಾಂಡದ 16ನೇ ಅಧ್ಯಾಯವನ್ನು ತೆರೆದು ನೋಡಿ. ಮರುಭೂಮಿಯಲ್ಲಿ ಇಸ್ರಯೇಲರಿಗೆ ದೇವರು ಪ್ರತಿದಿನ ಮನ್ನಾ ಕೊಟ್ಟರು. ನಾಳೆಗೆಂದು ಕೂಡಿಟ್ಟರೆ ಅದು ಹುಳ ಬೀಳುತ್ತಿತ್ತು. ಆದರೆ ಆರನೆಯ ದಿನ ಮಾತ್ರ ಎರಡರಷ್ಟು ಕೊಟ್ಟರು. ಸುಡುವುದನ್ನು, ಬೇಯಿಸುವುದನ್ನು ಅಂದೇ ಮುಗಿಸಿ, ಉಳಿದದ್ದನ್ನು ಮರುದಿನಕ್ಕೆ ಇಟ್ಟುಕೊಳ್ಳಿರೆಂದು ಮೋಶೆ ಜನರಿಗೆ ತಿಳಿಸಿದರು. ಹಾಗೆ ಇಟ್ಟದ್ದು ಕೆಡಲಿಲ್ಲ. ಏಕೆಂದರೆ ಮರುದಿನ ಪ್ರಭುವಿನ ದಿನ, ವಿಶ್ರಾಂತಿಯ ದಿನ. ಅಡುಗೆ ಮಾಡುವವರಿಗೂ ಆ ವಿಶ್ರಾಂತಿ ಸೇರಿದ್ದು.

ಯೆಹೂದ್ಯರ ಮನೆಗಳಲ್ಲಿ ಈ ಪದ್ಧತಿ ಇಂದಿಗೂ ಇದೆ. ಶುಕ್ರವಾರ ಸೂರ್ಯ ಮುಳುಗುವ ಮೊದಲೇ ಪಾತ್ರೆಯನ್ನು ಸಣ್ಣ ಬಿಸಿಯ ಮೇಲಿಟ್ಟು, ಶನಿವಾರ ಮಧ್ಯಾಹ್ನ ಅದನ್ನೇ ಬಡಿಸುತ್ತಾರೆ. ಶುಕ್ರವಾರಕ್ಕೆ ಅವರಲ್ಲಿ 'ಸಿದ್ಧತೆಯ ದಿನ' ಎಂದೇ ಹೆಸರಿತ್ತು. ನಮ್ಮ ಪ್ರಭು ಶಿಲುಬೆಯ ಮೇಲೆ ಪ್ರಾಣಬಿಟ್ಟ ದಿನವನ್ನು ಶುಭಸಂದೇಶಕಾರರು ಆ ಹೆಸರಿನಿಂದಲೇ ಕರೆಯುತ್ತಾರೆ. ಪಾಸ್ಕ ಭೋಜನಕ್ಕೂ ಪ್ರಭು ಹೊತ್ತಿಗೆ ಮೊದಲೇ ಪೇತ್ರ ಮತ್ತು ಯೊವಾನ್ನರನ್ನು ಕಳುಹಿಸಿ ಮೇಲಂತಸ್ತಿನ ಕೊಠಡಿಯಲ್ಲಿ ಎಲ್ಲವನ್ನೂ ಅಣಿಮಾಡಿಸಿದರು. ಅಣಿಮಾಡಿದವರು ಇಬ್ಬರು ಗಂಡಸರು ಎಂಬುದನ್ನು ನಮ್ಮ ಮನೆಯ ಗಂಡಸರು ಗಮನಿಸಬೇಕು!

ಉಪವಾಸದ ದಿನವಾಗಿದ್ದ 24

ಆಗಮನ ಕಾಲವೂ ಹುಟ್ಟಿದ್ದು ಸಿದ್ಧತೆಯ ಕಾಲವಾಗಿಯೇ. 5ನೇ ಶತಮಾನದಲ್ಲಿ ಫ್ರಾನ್ಸಿನ ತೂರ್ ನಗರದ ಧರ್ಮಾಧ್ಯಕ್ಷರಾಗಿದ್ದ ಸಂತ ಪೆರ್ಪೆತುವುಸರು, ನವೆಂಬರ್ 11ರ ಸಂತ ಮಾರ್ಟಿನರ ಹಬ್ಬದಿಂದ ಕ್ರಿಸ್ತಜಯಂತಿಯವರೆಗೆ ವಾರಕ್ಕೆ ಮೂರು ದಿನ ಉಪವಾಸ ಮಾಡಬೇಕೆಂದು ನಿಯಮ ಮಾಡಿದ್ದರು. ಕಾಲಾನಂತರದಲ್ಲಿ ರೋಮಿನ ಪದ್ಧತಿಯಂತೆ ಅದು ನಾಲ್ಕು ಭಾನುವಾರಗಳ ಆಗಮನ ಕಾಲವಾಯಿತು. ಆದರೂ ಮುನ್ನಾದಿನದ ಉಪವಾಸ ಉಳಿಯಿತು. 1917ರ ಧರ್ಮಸಭೆಯ ಕಾನೂನು ಸಂಹಿತೆಯ ಪ್ರಕಾರ ಡಿಸೆಂಬರ್ 24 ಉಪವಾಸದ ದಿನ, ಮಾಂಸವರ್ಜನೆಯ ದಿನ. ಅದಲ್ಲದೆ ಪರಮಪ್ರಸಾದ ಸ್ವೀಕರಿಸುವವರು ಹಿಂದಿನ ನಡುರಾತ್ರಿಯಿಂದ ನೀರನ್ನೂ ಮುಟ್ಟುವಂತಿರಲಿಲ್ಲ. ಹಬ್ಬದ ಬೆಳಗಿನ ಪೂಜೆಗೆ ಹೋಗುವವರು ಬರಿಹೊಟ್ಟೆಯಲ್ಲೇ ಮೈಲಿಗಟ್ಟಲೆ ನಡೆಯುತ್ತಿದ್ದರು.

ಇದರ ಪರಿಣಾಮ ಅಡುಗೆಮನೆಯ ಮೇಲೆ ಏನಾಯಿತು, ಯೋಚಿಸಿ. ಒಂದೇ ಹೊತ್ತು ಊಟ, ಅದೂ ಮಾಂಸವಿಲ್ಲದ್ದು ಎಂದಮೇಲೆ 24ರಂದು ಒಲೆಗೆ ಹೆಚ್ಚು ಕೆಲಸವಿರಲಿಲ್ಲ. ಉಪವಾಸ ಇರುವವರ ಮುಂದೆ ಎಣ್ಣೆ ಕಾಯಿಸಿ ತಿಂಡಿ ಕರಿಯುತ್ತ ಕೂರುವವರು ಯಾರು? ಹಬ್ಬಕ್ಕೆ ಬೇಕಾದದ್ದು ಅದಕ್ಕೆ ಮೊದಲೇ ಡಬ್ಬ ಸೇರಬೇಕಿತ್ತು. ಉಪವಾಸದ ನಿಯಮ ಮನೆಯ ತಾಯಿಗೆ, ಯಾರೂ ಹೆಸರಿಟ್ಟು ಕೊಡದ ಒಂದು ಉಡುಗೊರೆಯನ್ನು ಕೊಟ್ಟಿತ್ತು: ಹಬ್ಬಕ್ಕೆ ಮೊದಲು ಒಂದು ಸಂಜೆಯ ಬಿಡುವು.

ಮುಂದೆ ನಿಯಮಗಳು ಸಡಿಲವಾದವು. ಜಗದ್ಗುರು 12ನೇ ಪಿಯುಸರು 1953ರಲ್ಲಿ ನೀರು ಕುಡಿಯಬಹುದೆಂದರು. 1957ರಲ್ಲಿ ಪರಮಪ್ರಸಾದದ ಉಪವಾಸವನ್ನು ಮೂರು ಗಂಟೆಗೆ ಇಳಿಸಿದರು. 1964ರಲ್ಲಿ ಅದು ಒಂದು ಗಂಟೆಯಾಯಿತು. 24ರ ಉಪವಾಸವನ್ನು ಬೇಕಾದವರು 23ರಂದೇ ಆಚರಿಸಬಹುದೆಂದು ಜಗದ್ಗುರು 23ನೇ ಜಾನರ ಕಾಲದಲ್ಲಿ, 1959ರಲ್ಲಿ, ಅನುಮತಿ ಸಿಕ್ಕಿತು. 1966ರಲ್ಲಿ ಜಗದ್ಗುರು 6ನೇ ಪೌಲರು ಉಪವಾಸದ ಕಡ್ಡಾಯ ದಿನಗಳನ್ನು ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರಕ್ಕೆ ಸೀಮಿತಗೊಳಿಸಿದಾಗ ಕ್ರಿಸ್ತಜಯಂತಿಯ ಮುನ್ನಾದಿನದ ಉಪವಾಸ ಪೂರ್ತಿಯಾಗಿ ಹೋಯಿತು. ಕೂಲಿ ಮಾಡಿ ಬದುಕುವ ಜನರ ಮೇಲಿನ ಕರುಣೆಯಿಂದ ಬಂದ ಬದಲಾವಣೆ ಅದು. ನಾವು ಅದಕ್ಕೆ ಕೃತಜ್ಞರು. ಆದರೆ ಉಪವಾಸದ ಬೇಲಿ ಹೋದ ಜಾಗಕ್ಕೆ ಕೆಲಸ ನುಗ್ಗಿತು. ಒಂದು ಕಾಲಕ್ಕೆ ವರ್ಷದಲ್ಲೇ ಶಾಂತವಾಗಿರಬೇಕಿದ್ದ ದಿನ, ಎಷ್ಟೋ ಮನೆಗಳಲ್ಲಿ ಇಂದು ಅತ್ಯಂತ ಗಡಿಬಿಡಿಯ ದಿನ.

ಕರಾವಳಿಯಿಂದ ಘಟ್ಟದ ಮೇಲಕ್ಕೆ

ನಮ್ಮ ಶಿವಮೊಗ್ಗ ಧರ್ಮಪ್ರಾಂತ್ಯ 1988ರಲ್ಲಿ ರೂಪುಗೊಂಡದ್ದು. ಆದರೆ ನಮ್ಮ ಜನರ ಹಬ್ಬದ ತಟ್ಟೆ ಅದಕ್ಕಿಂತ ಬಹಳ ಹಳೆಯದು. ದೇವಾಲಯದಲ್ಲಿ ನಾವೆಲ್ಲ ಕನ್ನಡದಲ್ಲಿ ಪ್ರಾರ್ಥಿಸಿದರೂ ಮನೆಯಲ್ಲಿ ಕೊಂಕಣಿ, ತಮಿಳು, ಮಲಯಾಳಂ ಮಾತಾಡುವ ಕುಟುಂಬಗಳು ನಮ್ಮಲ್ಲಿವೆ. ಇವರಲ್ಲಿ ಕೊಂಕಣಿ ಕುಟುಂಬಗಳ ಹಿರಿಯರು ಗೋವೆಯಿಂದ ಕೆನರಾ ಕರಾವಳಿಗೆ ಬಂದವರು. ಅಂದು ಆ ಕರಾವಳಿಯನ್ನು ಆಳುತ್ತಿದ್ದವರು ನಮ್ಮ ಪಕ್ಕದ ಕೆಳದಿಯ ನಾಯಕರು. ಸೊರಬ ತಾಲ್ಲೂಕಿನ ಚಂದ್ರಗುತ್ತಿ ಕೋಟೆಯೂ ಅವರದೇ ಆಗಿತ್ತು. ಭತ್ತದ ಬೇಸಾಯ ಬಲ್ಲ ಕ್ರೈಸ್ತರಿಗೆ ಅವರ ರಾಜ್ಯದಲ್ಲಿ ನೆಲೆ ಸಿಕ್ಕಿತು. 1784ರಲ್ಲಿ ಅದೇ ಜನ ಶ್ರೀರಂಗಪಟ್ಟಣದ ಸೆರೆಗೆ ನಡೆದರು. 1799ರ ನಂತರ ಬದುಕುಳಿದವರು ಮರಳಿದರು. ಆಮೇಲಿನ ತಲೆಮಾರುಗಳಲ್ಲಿ ಹಲವರು ಕಾಫಿ, ಅಡಿಕೆ ತೋಟಗಳ ಕೆಲಸಕ್ಕೆ ಘಟ್ಟ ಹತ್ತಿದರು.

ಹೀಗೆ ಊರೂರು ಅಲೆದ ಜನ ತಮ್ಮೊಂದಿಗೆ ತಂದ ಹಬ್ಬದ ತಿಂಡಿಗೆ 'ಕುಸ್ವಾರ್' ಎಂದು ಹೆಸರು. ಕಿಡಿಯೊ, ನೆವ್ರಿ, ಗುಳಿಯೊ, ತುಕ್ಡಿ, ಚಕ್ಕುಲಿ, ಗುಲಾಬಿ ಹೂವಿನಾಕಾರದ ಕೊಕ್ಕಿಸಾಂ, ಸೀಬೆಹಣ್ಣಿನ ಪೆರಾಡ್. ಪೋರ್ಚುಗಲ್ಲಿನಲ್ಲಿ ಉಪವಾಸದ ಮುನ್ನಾದಿನದ ಲಘು ಭೋಜನಕ್ಕೆ 'ಕೊನ್ಸೊವಾದಾ' ಎನ್ನುತ್ತಾರೆ. ಗೋವೆಯಲ್ಲಿ ಅದೇ ಮಾತು ನೆರೆಮನೆಗೆ ಕಳುಹಿಸುವ ತಿಂಡಿಯ ತಟ್ಟೆಗೆ ಸಲ್ಲುತ್ತದೆ. ಕುಸ್ವಾರ್ ಎಂಬುದೂ ಅದರಿಂದಲೇ ಬಂದಿತೆಂದು ಹೇಳುವವರಿದ್ದಾರೆ. ಪದದ ಮೂಲ ಏನೇ ಇರಲಿ, ಈ ತಿಂಡಿಗಳ ಗುಣ ನೋಡಿ. ಎಲ್ಲವೂ ಕರಿದವು, ಒಣಗಿದವು, ಇಲ್ಲವೆ ಸಕ್ಕರೆಯಲ್ಲಿ ಗಟ್ಟಿಯಾದವು. ಬಿಗಿ ಮುಚ್ಚಳದ ಡಬ್ಬದಲ್ಲಿ ವಾರಗಟ್ಟಲೆ ಇರುವಂಥವು. ಫ್ರಿಜ್ ಇಲ್ಲದ ಕಾಲದ ಜಾಣತನ ಅದು. ಮಾಂಸದ ಅಡುಗೆಯಲ್ಲೂ ಅಷ್ಟೆ. ಹುಳಿಸಿದ ವಿನೆಗರ್‌ನಲ್ಲಿ ಬೇಯಿಸಿದ ಸೊರ್ಪೊತೆಲ್ ದಿನಕ್ಕೊಮ್ಮೆ ಕುದಿಸಿಟ್ಟರೆ ಮೂರನೆಯ ದಿನಕ್ಕೇ ಹೆಚ್ಚು ರುಚಿ ಎನ್ನುತ್ತಾರೆ ನಮ್ಮ ಅಜ್ಜಿಯಂದಿರು.

ಇಂಗ್ಲೆಂಡಿನ ಮನೆಗಳಲ್ಲಿ ಆಗಮನ ಕಾಲಕ್ಕೆ ಮುಂಚಿನ ಭಾನುವಾರವೇ ಹಬ್ಬದ ಪುಡಿಂಗ್ ಕಲಸಿಡುವ ವಾಡಿಕೆ ಇತ್ತು. ಮನೆಯವರೆಲ್ಲ ಒಬ್ಬೊಬ್ಬರಾಗಿ ಸೌಟು ಹಿಡಿಯುತ್ತಿದ್ದರು. ಅಷ್ಟು ದೂರ ಹೋಗುವುದೂ ಬೇಡ. ನಮ್ಮ ಸೊರಬ, ಸಾಗರ ಕಡೆಯ ರೈತರ ಭೂಮಿ ಹುಣ್ಣಿಮೆಯನ್ನೇ ನೋಡಿ. ಹುಣ್ಣಿಮೆಯ ನಸುಕಿಗೆ ಗದ್ದೆಗೆ ಹೊರುವ ಬುಟ್ಟಿಗೆ ದೀವರ ಮನೆಯ ಹೆಣ್ಣುಮಕ್ಕಳು ದಸರೆಯ ಹೊತ್ತಿಗೇ ಕೆಮ್ಮಣ್ಣು ಬಳಿದು ಚಿತ್ತಾರ ಬರೆಯಲು ಕೂರುತ್ತಾರೆ. ದೊಡ್ಡ ಹಬ್ಬ ಒಂದೇ ದಿನದಲ್ಲಿ ಆಗುವುದಿಲ್ಲ ಎಂಬುದು ಈ ಮಣ್ಣಿಗೆ ಗೊತ್ತು.

ನಾಲ್ಕು ಮೇಣದಬತ್ತಿ, ನಾಲ್ಕು ಕೆಲಸ

ನಮ್ಮ ಊರುಗಳ ಕಷ್ಟವೂ ಬೇರೆ. ಮಲೆನಾಡಿನಲ್ಲಿ ಆಗಮನ ಕಾಲವೆಂದರೆ ಅಡಿಕೆ ಕೊಯ್ಲಿನ ಕಾಲ, ಭತ್ತದ ಕೊಯ್ಲಿನ ಕಾಲ. ಶಿಕಾರಿಪುರದ ಕಡೆ ಜೋಳದ ಒಕ್ಕಣೆಯೂ ಇರುತ್ತದೆ. ಹಗಲು ಗದ್ದೆ, ರಾತ್ರಿ ಅಡಿಕೆ ಸುಲಿಯುವ ಮೆಟ್ಟುಗತ್ತಿಯ ಮುಂದೆ. ಇಂಥ ತಾಯಂದಿರಿಗೆ "ಚಿಂತೆ ಬಿಡಿ, ಪ್ರಾರ್ಥನೆ ಮಾಡಿ" ಎಂದು ಬರಿದೇ ಉಪದೇಶ ಮಾಡಿದರೆ ಪ್ರಯೋಜನವಿಲ್ಲ. ಆದ್ದರಿಂದ ಹಿರಿಯ ಗೃಹಿಣಿಯರನ್ನು ಕೇಳಿ ತಿಳಿದ ಒಂದು ಕ್ರಮವನ್ನು ಇಲ್ಲಿ ಹೇಳುತ್ತೇವೆ.

ಮೊದಲ ಮೇಣದಬತ್ತಿಯ ವಾರ ಸಾಮಾನಿನ ಪಟ್ಟಿ ಬರೆದು, ಅಕ್ಕಿ ಬೇಳೆ ಹಸನು ಮಾಡಿ, ಬಾಫಾತ್ ಪುಡಿಗೆ ಮೆಣಸಿನಕಾಯಿ, ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಒಣಗಿಸಿ ಪುಡಿಮಾಡಿಸಿ ಇಡಬಹುದು. ವಾರದ ಕೂಲಿ ಪಡೆಯುವ ಮನೆಗಳಿಗೆ ಇದರಲ್ಲಿ ಇನ್ನೊಂದು ಲಾಭ. ಸಕ್ಕರೆ ಒಂದು ವಾರ, ಎಣ್ಣೆ ಇನ್ನೊಂದು ವಾರ ಎಂದು ಕೊಂಡರೆ ಕೊನೆಯಲ್ಲಿ ಸಾಲಕ್ಕೆ ಕೈಚಾಚುವುದು ತಪ್ಪುತ್ತದೆ. ಎರಡನೆಯ ವಾರ ಕೇಕಿಗೆ ಒಣಹಣ್ಣು ನೆನೆಹಾಕಿ, ಚಕ್ಕುಲಿ, ಕರ್ಜಿಕಾಯಿಯ ಹಿಟ್ಟು ಬೀಸಿಸಿಕೊಳ್ಳಿ. ಮೂರನೆಯದು ಆನಂದದ ಭಾನುವಾರದ ವಾರ. ಕರಿಯುವ ಕೆಲಸ ಆಗ ಆಗಲಿ, ಅದೂ ಒಬ್ಬರೇ ಕೂತು ಬೇಡ. ನಾಲ್ಕು ಮನೆಯವರು ಒಂದೊಂದು ಸಂಜೆ ಒಂದೊಂದು ಮನೆಯಲ್ಲಿ ಸೇರಿ. ಕಿಡಿಯೊ ಹಿಟ್ಟನ್ನು ಹೊಸ ಬಾಚಣಿಗೆಯ ಮೇಲೆ ಒತ್ತಿ ಸುರುಳಿ ಮಾಡುವ ಕೆಲಸಕ್ಕೆ ಮಕ್ಕಳಿಗಿಂತ ಒಳ್ಳೆಯ ಕೈಯಿಲ್ಲ. ಜಪಸರವನ್ನೂ ಅಲ್ಲೇ ಹೇಳಬಹುದು. ಮೊಟ್ಟೆ ಹಾಕದ ತಿಂಡಿಯನ್ನು ಹೊಸ ಎಣ್ಣೆಯಲ್ಲಿ ಮೊದಲು ಕರಿದು ಬೇರೆ ಡಬ್ಬದಲ್ಲಿಡಿ. ದೀಪಾವಳಿಗೆ ಹೋಳಿಗೆ, ಸಂಕ್ರಾಂತಿಗೆ ಎಳ್ಳುಬೆಲ್ಲ ಕೊಡುವ ಸಸ್ಯಾಹಾರಿ ನೆರೆಯವರ ಮನೆಗೆ ನಮ್ಮ ತಟ್ಟೆ ಸಂಕೋಚವಿಲ್ಲದೆ ಹೋಗಬೇಕು.

ನಾಲ್ಕನೆಯ ವಾರ ಕೇಕ್, ಮನೆಯ ಶುಚಿ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ಪಾಪನಿವೇದನೆ. 23ರಂದು ಹಸಿಮಸಾಲೆ ಅರೆದಿಡಿ. 24ರ ಬೆಳಿಗ್ಗೆ ಮಾಂಸ ಬೇಯಿಸಿ, ಸಣ್ಣಾಸಿನ ಹಿಟ್ಟು ರುಬ್ಬಿ ಹುದುಗಲು ಬಿಡಿ. ಹುದುಗುವ ಕೆಲಸ ಹಿಟ್ಟಿನದು, ಅದರ ಪಕ್ಕ ನೀವು ಕಾವಲು ಕೂರಬೇಕಿಲ್ಲ. ತೆಂಗಿನಕಾಯಿ ಹಾಕಿದ ಪದಾರ್ಥ ಬೇಗ ಹಳಸುವುದರಿಂದ ಅದನ್ನು ಮಾತ್ರ ಹಬ್ಬದ ಬೆಳಿಗ್ಗೆ ಮಾಡಿ. ಬೇಯಿಸಿಟ್ಟ ಮಾಂಸವನ್ನು ಫ್ರಿಜ್ಜಿನಲ್ಲಿಡಿ, ಫ್ರಿಜ್ ಇಲ್ಲದಿದ್ದರೆ ರಾತ್ರಿ ಮಲಗುವ ಮುನ್ನ ಒಮ್ಮೆ ಚೆನ್ನಾಗಿ ಕುದಿಸಿ. ಬಡಿಸುವ ಮುಂಚೆ ಎರಡೂ ಕಡೆ ಮತ್ತೊಮ್ಮೆ ಕುದಿ ಬರಲೇಬೇಕು. 24ರ ಮಧ್ಯಾಹ್ನ ಮೂರು ಗಂಟೆಗೆ ಒಲೆ ಆರಲಿ. ಸಂಜೆಗೆ ಗಂಜಿ, ಚಟ್ನಿ ಸಾಕು. ಹಿರಿಯರ ಉಪವಾಸದ ನೆನಪಿಗೆ ಅಷ್ಟಾದರೂ ಇರಲಿ.

ಈ ವಿಷಯದಲ್ಲಿ ಗುರುಗಳಾದ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. 24ರಂದೇ ಗಾಯನದ ಅಭ್ಯಾಸ, 24ರಂದೇ ದೇವಾಲಯದ ಅಲಂಕಾರ, 24ರಂದೇ ಪಾಪನಿವೇದನೆಗೆ ಉದ್ದ ಸಾಲು ಎಂದು ಇಟ್ಟವರು ನಾವೇ. ಮನೆಯವರಿಗೆ ಮುಂಚಿತವಾಗಿ ಸಿದ್ಧರಾಗಿ ಎನ್ನುವ ನಾವು, ದೇವಾಲಯವನ್ನು ಕೊನೆಯ ಗಳಿಗೆಗೆ ಬಿಟ್ಟರೆ ಹೇಗೆ? ಧರ್ಮಕೇಂದ್ರದ ಕೆಲಸಗಳನ್ನೂ ಮೂರನೆಯ ವಾರದೊಳಗೆ ಮುಗಿಸಲು ಪಾಲನಾ ಸಮಿತಿಗಳು ಮನಸ್ಸು ಮಾಡಲಿ.

ಮಾರ್ತಳ ಕುರ್ಚಿ

ಬೆಥಾನಿಯದ ಮಾರ್ತಳನ್ನು ಪ್ರಭು ಗದರಿಸಿದರೆಂದು ನಾವು ಪ್ರಸಂಗಗಳಲ್ಲಿ ಹೇಳುವುದುಂಟು. ಗುರುಮಠದಲ್ಲಿ ಓದುವಾಗ ನಾವೂ ಹಾಗೇ ತಿಳಿದಿದ್ದೆವು. ಮನೆಮನೆ ಸುತ್ತಿದ ಮೇಲೆ ಬೇರೆ ರೀತಿ ಕಾಣುತ್ತದೆ. ಪ್ರಭು ಅವಳ ಅಡುಗೆಯನ್ನು ಹೀಗಳೆಯಲಿಲ್ಲ. ಅವರೂ ಊಟಕ್ಕೆ ಬಂದವರೇ. ಹಲವು ಚಿಂತೆಗಳ ಮಧ್ಯೆ ಅವಳು ತಮ್ಮ ಬಳಿ ಕೂರಲಾಗದೆ ಹೋದದ್ದು ಅವರಿಗೆ ನೋವಾಯಿತು. ಮಾರ್ತಳಿಗೂ ಒಂದು ಕುರ್ಚಿ ಅಲ್ಲಿತ್ತು.

ಬೆತ್ಲೆಹೇಮ್ ಎಂದರೆ ರೊಟ್ಟಿಯ ಮನೆ. ಆ ರಾತ್ರಿ ರೊಟ್ಟಿ ನೀಡುವವರು ಪ್ರಭುವೇ. ಪರಮಪ್ರಸಾದದ ಆ ಊಟವನ್ನು ನಮ್ಮ ಯಾವ ತಾಯಿಯೂ ತಯಾರಿಸಬೇಕಿಲ್ಲ. ಬಂದು ಕೂತರೆ ಸಾಕು. ಈ ಬಾರಿ ಪೀಠದ ಬಳಿ ನಿಂತಾಗ ಮಕ್ಕಳ ಪಕ್ಕದ ಜಾಗಗಳು ತುಂಬಿರುವುದನ್ನು, ಆ ಕಣ್ಣುಗಳು ಎಚ್ಚರವಾಗಿರುವುದನ್ನು ನೋಡಲು ಆಶಿಸುತ್ತೇವೆ. ಹಬ್ಬದ ದಿನ ಒಂದು ತಿಂಡಿ ಕಡಿಮೆಯಾದರೂ ಚಿಂತೆಯಿಲ್ಲ.

ಬಾಲಯೇಸು ನಿಮ್ಮ ಮನೆಯನ್ನೂ, ಮನೆಯ ಒಲೆಯನ್ನೂ, ಆ ಒಲೆಯ ಮುಂದೆ ನಿಲ್ಲುವ ಕೈಗಳನ್ನೂ ಆಶೀರ್ವದಿಸಲಿ. ಎಲ್ಲರಿಗೂ ಕ್ರಿಸ್ತಜಯಂತಿಯ ಶುಭಾಶಯಗಳು.